ಅಪ್ಪನ ಕೋಣೆಗೆ ಜಮಖಾನ

ಲಿಂಗಸುಗೂರು
೪ ಫೆಬ್ರವರಿ ೨೦೨೪

ಅಪ್ಪಾ,

ಕೋಣೆ ಮುಗಿಯಿತು. ಹೋದ ಸಲ ನಿನ್ನನ್ನು ಕಾಣಲು ಜೈಲಿಗೆ ಬಂದಾಗ ಗೋಡೆ ಎದ್ದಿವೆ ಎಂದಿದ್ದೆ. ಈಗ ಗಿಲಾವು ಆಗಿದೆ, ಸುಣ್ಣವೂ ಆಗಿದೆ. ಮಸ್ಕಿಯ ನಮ್ಮ ಮನೆಯನ್ನು ನೀನು ನೋಡಿಲ್ಲ, ಹೇಗೆ ಹೇಳಲಿ? ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಜಾಗವಿತ್ತು. ಅಲ್ಲಿಯೇ ಎಬ್ಬಿಸಿದ್ದೇನೆ. ದೊಡ್ಡದಲ್ಲ. ಒಬ್ಬರು ಮಲಗಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ಮಾತಾಡುವಷ್ಟು. ಕಿಟಕಿ ಗುಡ್ಡದ ಕಡೆಗಿದೆ. ಹಗಲೆಲ್ಲ ಕಾದ ಬಂಡೆಯ ಝಳ ಸಂಜೆಯಾದರೆ ಒಳಗೆ ಹೊಡೆಯುತ್ತದೆ. ಗಾಳಿಯೂ ಅದೇ ಕಿಟಕಿಯಿಂದಲೇ ಬರಬೇಕು, ಏನು ಮಾಡುವುದು.

ನೆಲಕ್ಕೆ ಶಹಾಬಾದ ಪರಸಿ ಕಲ್ಲು ಹಾಕಿಸಿದೆ. ಮಂಚ ಬೇಡ, ನೆಲದ ಮೇಲೆ ಮಲಗಿ ಮೈಗೆ ರೂಢಿಯಾಗಿದೆ ಎಂದು ನೀನೇ ಹೇಳಿದ್ದೆ. ಹಾಗಾದರೆ ಒಂದು ಒಳ್ಳೆಯ ಜಮಖಾನ ಬೇಕು. ಅದಕ್ಕೇ ಈ ಕಾಗದ. ಜೈಲಿನ ಮಗ್ಗದ ಮೇಲೆ ಇಷ್ಟು ವರ್ಷ ಜಮಖಾನ ನೇಯ್ದವನು ನೀನು, ನಿನ್ನನ್ನು ಬಿಟ್ಟು ಯಾರನ್ನು ಕೇಳಲಿ? ಸಿಂಧನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಕರೀಮಾಬಿ ಎನ್ನುವವರ ಅಂಗಡಿ ಇದೆ. ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ ಹೋಗುವ ಬಸ್ಸಿನಲ್ಲೇ ನಾನು ಕಂಡಕ್ಟರ್ ಆಗಿರುವುದರಿಂದ, ಅಲ್ಲಿ ಬಸ್ಸು ನಿಂತಷ್ಟು ಹೊತ್ತು ಹೊರಗಿನಿಂದಲೇ ನೋಡುತ್ತೇನೆ. ಗೋಡೆ ತುಂಬ ಪಟ್ಟಿ ಪಟ್ಟಿಯ ಜಮಖಾನ ಇಳಿಬಿಟ್ಟಿರುತ್ತಾರೆ. ಯಾವುದನ್ನು ನೋಡಿದರೂ ಅದರ ಮೇಲೆ ನೀನು ಕೂತ ಹಾಗೆ ಕಾಣುತ್ತದೆ.

ಸನ್ನಡತೆಯ ಮೇಲೆ ಬಿಡುವವರಲ್ಲಿ ಈ ಸಲ ನಿನ್ನ ಹೆಸರು ಕಳಿಸುತ್ತೇವೆ ಎಂದು ಜೈಲಿನ ಸಾಹೇಬರು ನನ್ನೆದುರೇ ಹೇಳಿದ್ದಾರೆ. ಆಗಸ್ಟಿನಲ್ಲಿ ಆಗಬಹುದಂತೆ. ಯಾರಿಗೂ ಹೇಳಬೇಡ, ದೃಷ್ಟಿಯಾದೀತು.

ಉತ್ತರವನ್ನು ಎಂದಿನಂತೆ ಲಿಂಗಸುಗೂರು ಡಿಪೋದ ವಿಳಾಸಕ್ಕೇ ಬರೆ. ಮನೆಗೆ ಬೇಡ.

ನಿನ್ನ ಮಗಳು
ಮಹೇಶ್ವರಿ


ಕಾರಾಗೃಹ
೨೨ ಫೆಬ್ರವರಿ ೨೦೨೪

ಯವ್ವಾ ಮಹೇಶ್ವರಿ,

ನಿನ್ನ ಕಾಗದವನ್ನು ಮಗ್ಗದ ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕೋಣೆಯ ಸುದ್ದಿಯನ್ನಲ್ಲ, ಜಮಖಾನದ ಸುದ್ದಿಯನ್ನು. ಆಮೇಲೆ ಅಲ್ಲೊಂದು ಪಂಚಾಯಿತಿಯೇ ಆಯಿತು. ಒಬ್ಬ ಹಸಿರು ಅಂದ, ಒಬ್ಬ ಕಂದು ಅಂದ. ಎಲ್ಲರೂ ತಮ್ಮ ತಮ್ಮ ಮನೆಗೆ ಆರಿಸುತ್ತಿದ್ದರು.

ನಾನು ಹೇಳುವುದು ಕೇಳು. ಹೂವು, ನವಿಲು, ಕಮಾನು ಇದ್ದದ್ದು ಬೇಡ. ಪಟ್ಟಿಯದೇ ಇರಲಿ. ಕೋಣೆ ಸಣ್ಣದು ಅನ್ನುತ್ತೀ, ಅದಕ್ಕೆ ಅಗಲ ಪಟ್ಟಿ ಹಾಸಿದರೆ ಇನ್ನೂ ಸಣ್ಣದಾಗುತ್ತದೆ. ಸಣ್ಣ ಪಟ್ಟಿ ತಗೋ, ಬಾಗಿಲಿನಿಂದ ಕಿಟಕಿಯ ಕಡೆಗೆ ಹೋಗುವ ಹಾಗೆ ಹಾಸು. ತಿರುವಿ ಹಾಕಿ ಬೆನ್ನು ನೋಡು. ಮುಖ ಎಷ್ಟು ಚಂದವೋ ಬೆನ್ನೂ ಅಷ್ಟೇ ಚಂದ ಇರಬೇಕು. ಬೆರಳು ಒದ್ದೆ ಮಾಡಿಕೊಂಡು ಉಜ್ಜು, ಬಣ್ಣ ಹತ್ತಿದರೆ ಬಿಟ್ಟುಬಿಡು. ಬಣ್ಣ ಯಾವುದಾದರೂ ಆಗಲಿ, ನೀಲಿ ಬಿಳಿ ಮಾತ್ರ ಬೇಡ. ಇಲ್ಲಿ ನಾವು ನೇಯುವುದೂ ಅದೇ, ಹಾಸಿಕೊಳ್ಳುವುದೂ ಅದೇ.

ನೇಯುವವನಿಗೆ ಪಟ್ಟಿಯಲ್ಲಿ ಒಂದು ಸುಖವಿದೆ. ಬಣ್ಣ ಬದಲಾದಾಗ ಇವತ್ತು ಇಷ್ಟು ಕೆಲಸವಾಯಿತು ಎಂದು ಕಣ್ಣಿಗೆ ಕಾಣುತ್ತದೆ. ಇಲ್ಲದಿದ್ದರೆ ಇಲ್ಲಿ ನಿನ್ನೆ ಯಾವುದು, ಇವತ್ತು ಯಾವುದು ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಬರೆದೆ. ಆದರೆ ಕೇಳಬೇಕಾದದ್ದು ಬೇರೆ. ನಿನ್ನ ಚಿಗವ್ವ ಪಕೀರವ್ವ ಏನಂದಳು? ಆ ಮನೆಯಲ್ಲಿ ನೀನು ಒಬ್ಬಳೇ ಇಲ್ಲ. ಅವಳ ಗಂಡ ಲಕ್ಷ್ಮಣ ನನ್ನ ಒಡಹುಟ್ಟಿದ ತಮ್ಮ. ಕಾಲುವೆ ನೀರಿನ ಪಾಳಿಯ ಜಗಳದಲ್ಲಿ ಬಳಗಾನೂರಿನ ಹೊಲದ ಬದುವಿನ ಮೇಲೆ ಅವನ ತಲೆಗೆ ಸಲಿಕೆಯಿಂದ ಹೊಡೆದ ಕೈ ಇದು. ಅವಳಿರುವ ಮನೆಯ ಹೊಸ್ತಿಲನ್ನು ನಾನು ಹೇಗೆ ದಾಟಲಿ? ನಿನ್ನ ಕಾಗದದಲ್ಲಿ ಗಿಲಾವು ಇತ್ತು, ಪರಸಿ ಇತ್ತು, ಕಿಟಕಿ ಇತ್ತು. ಅವಳ ಹೆಸರು ಇರಲಿಲ್ಲ.

ನಿನ್ನ ಅಪ್ಪ
ಪಂಪಣ್ಣ


ಲಿಂಗಸುಗೂರು
೧೯ ಮಾರ್ಚ್ ೨೦೨೪

ಅಪ್ಪಾ,

ಜಮಖಾನ ತಂದೆ. ನೀನು ಹೇಳಿದ್ದನ್ನು ಅರ್ಧ ಕೇಳಿದ್ದೇನೆ, ಅರ್ಧ ನನ್ನ ಕೈಯಲ್ಲಿ ಇರಲಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಚಿಗವ್ವ ಆಗಾಗ ನನ್ನ ಬಸ್ಸಿನಲ್ಲೇ ಸಿಂಧನೂರಿಗೆ ಬರುತ್ತಾಳೆ. ಮೊಣಕಾಲಿನ ಎಣ್ಣೆ ತರುವ ನೆಪ. ನಿಜವಾಗಿ ಅವಳಿಗೆ ಬೇಕಾದದ್ದು ಬಸ್ ಸ್ಟ್ಯಾಂಡಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಅವತ್ತು ಬಸ್ಸು ಕೆಟ್ಟು ನಿಂತಿತು. ಸರಿಯಾಗುವವರೆಗೆ ಅಂಗಡಿಗೆ ಹೋಗಿ ಬರೋಣ ಎಂದೆ. ಅವಳನ್ನೂ ಕರೆದುಕೊಂಡು ಹೋಗಬೇಕಾಯಿತು.

ಕರೀಮಾಬಿ ಒಂದೊಂದೇ ಬಿಚ್ಚಿ ಹಾಸಿದರು. ನಾನು ಸಣ್ಣ ಪಟ್ಟಿಯ, ಹಸಿರು ಮತ್ತು ಕಂದು ಬಣ್ಣದ್ದೊಂದನ್ನು ಎತ್ತಿಟ್ಟೆ. ಬೆನ್ನು ನೋಡಿದೆ, ಚೆನ್ನಾಗಿತ್ತು. ಚಿಗವ್ವ ಅದನ್ನು ಕಾಲಿನಿಂದಲೇ ಆಚೆ ಸರಿಸಿದಳು.

"ಇದು ಮುದುಕರ ರಂಗು ಐತಿ. ಇದನ್ಯಾಕ ಆರಿಸ್ತಿ?"

"ಯಾರ ಖೋಲಿಗಿ ಬೇಕಾಗಿತ್ತವ್ವಾ?" ಎಂದು ಕರೀಮಾಬಿ ಕೇಳಿದರು.

"ನಮ್ಮ ಹುಡುಗಿ ಖೋಲಿಗ್ರಿ. ಬಾಯಿ ಬಿಟ್ಟು ಹೇಳವಲ್ಲಳು. ಮದುವಿ ಮನಸು ಮಾಡ್ಯಾಳ ಅಂತ ನಾನೇ ತಿಳಕೊಂಡೀನಿ. ಇಲ್ಲಾಂದ್ರ ಇಬ್ಬರು ಇರೋ ಮನಿಗಿ ಇನ್ನೊಂದು ಖೋಲಿ ಯಾಕ ಬೇಕು, ನೀವೇ ಹೇಳ್ರಿ?"

ಕರೀಮಾಬಿ ನಕ್ಕು ನನ್ನ ಮುಖ ನೋಡಿದರು. ನಾನು ಟಿಕೆಟ್ ಮಶೀನಿನ ಪಟ್ಟಿ ಸರಿಮಾಡಿಕೊಳ್ಳುತ್ತಾ ನಿಂತೆ.

ಚಿಗವ್ವ ಆರಿಸಿದ್ದು ಕೆಂಪು. ದಾಳಿಂಬೆ ಕಾಳಿನಂಥ ಕೆಂಪು ಪಟ್ಟಿ, ಮಧ್ಯೆ ಮಧ್ಯೆ ಕರಿ, ಎರಡರ ನಡುವೆ ಎಳೆಯಷ್ಟು ಹಳದಿ. ಬೆರಳಿಗೆ ಉಗುಳು ಹಚ್ಚಿ ಉಜ್ಜಿ ಬಣ್ಣ ನೋಡಿದಳು, ನೀನು ಬರೆದ ಹಾಗೇ. ತಿರುವಿ ಬೆನ್ನೂ ನೋಡಿದಳು. ರೇಟಿಗೆ ಜಗಳವಾಡಿದಳು, ಗೆದ್ದಳು. ಬಸ್ಸಿನಲ್ಲಿ ಮೇಲೆ ಇಡುತ್ತೇನೆ ಎಂದರೂ ಕೊಡದೆ ಮಸ್ಕಿಯ ತನಕ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತವರಿಗೆಲ್ಲ ಮೂಲೆ ಎತ್ತಿ ತೋರಿಸುತ್ತಿದ್ದಳು.

ಇಷ್ಟು ಸಂತೋಷವಾಗಿ ಅವಳನ್ನು ನಾನು ಯಾವಾಗ ನೋಡಿದ್ದೆನೋ ನೆನಪಿಲ್ಲ.

ಪಟ್ಟಿ ಸ್ವಲ್ಪ ಅಗಲವೇ ಆಯಿತು. ಕೋಣೆ ಸಣ್ಣದಾಗಿ ಕಂಡರೆ ಕಾಣಲಿ ಬಿಡು.

ನಿನ್ನ
ಮಹೇಶ್ವರಿ


ಕಾರಾಗೃಹ
೮ ಏಪ್ರಿಲ್ ೨೦೨೪

ಯವ್ವಾ ಮಹೇಶ್ವರಿ,

ಅವಳಿಗೆ ಹೇಳು.

ನಿಮ್ಮ ಅವ್ವ ಗ್ಯಾನಮ್ಮ ಸತ್ತಾಗ ನೀನು ಸಣ್ಣವಳು. ಆಮೇಲೆ ನಾನು ಇಲ್ಲಿಗೆ ಬಂದೆ. ಆಗ ಪಕೀರವ್ವ ನಿನ್ನನ್ನು ಬೀದಿಗೆ ಬಿಟ್ಟಿದ್ದರೆ ಬಳಗಾನೂರಿನಲ್ಲಿ ಒಬ್ಬರೂ ಅವಳನ್ನು ಅನ್ನುತ್ತಿರಲಿಲ್ಲ. ತನ್ನ ಗಂಡನನ್ನು ಕೊಂದವನ ಮಗಳಿಗೆ ರೊಟ್ಟಿ ತಟ್ಟಿ ಹಾಕಿದಳು. ಕಂಡವರ ಗದ್ದೆಯಲ್ಲಿ ನಾಟಿ ಹಚ್ಚಿ ನಿನ್ನನ್ನು ಓದಿಸಿದಳು. ಅಂಥವಳನ್ನು ಅಂಗಡಿಯಲ್ಲಿ ಕೂರಿಸಿ ನನಗೆ ಹಾಸಿಗೆ ಆರಿಸುವ ಹಾಗೆ ಮಾಡಿದೆಯಲ್ಲ.

ಬೇರೆಯವರು ಹೇಳುವ ಮೊದಲು ನೀನು ಹೇಳು. ಹೇಳುವ ತನಕ ಆ ಜಮಖಾನ ಹಾಸಬೇಡ.

ಅಪ್ಪ


ಲಿಂಗಸುಗೂರು
೧೧ ಜೂನ್ ೨೦೨೪

ಅಪ್ಪಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಏಳುತ್ತಿದ್ದೆ. ಅವಳು ಅಷ್ಟರಲ್ಲಿ ರೊಟ್ಟಿ ಕಟ್ಟಿಟ್ಟು, ನೀರಿನ ಬಾಟಲಿ ತುಂಬಿಸಿ, ನನ್ನ ಖಾಕಿ ಅಂಗಿಯ ಗುಂಡಿ ನೋಡುತ್ತಾ ನಿಂತಿರುತ್ತಿದ್ದಳು. ಸಂಜೆ ಹೇಳಿದರಾಯಿತು ಅನಿಸುತ್ತಿತ್ತು. ಸಂಜೆ ಬಂದರೆ ಯಾರೋ ಹುಡುಗನ ಸುದ್ದಿ ತಂದಿರುತ್ತಿದ್ದಳು, ಹಟ್ಟಿಯಲ್ಲಿ ಗಣಿ ಕೆಲಸದವನು, ಕಂಪನಿ ಮನೆ ಇದೆ, ಹೀಗೆ. ನಾನು ಹೇಳಲಿಲ್ಲ. ಬೇರೆಯವರು ಹೇಳಿದರು.

ಮೊನ್ನೆ ನಾನು ಡ್ಯೂಟಿಯಲ್ಲಿದ್ದಾಗ ಠಾಣೆಯಿಂದ ಒಬ್ಬ ಪೊಲೀಸ್ ಮನೆಗೆ ಬಂದಿದ್ದ. ನಿನ್ನನ್ನು ಬಿಡುವ ಮೊದಲು ಊರಲ್ಲಿ, ಮನೆಯಲ್ಲಿ ವಿಚಾರಿಸಿ ಬರೆದುಕೊಳ್ಳಬೇಕಂತೆ. ಪಕ್ಕದ ಮನೆಯ ಸಲ್ಮಾ, ಬ್ಲೌಸ್ ಹೊಲಿಯುತ್ತಾಳೆ, ಅವಳು ನಮ್ಮ ಕಟ್ಟೆಯ ಮೇಲೇ ಕೂತಿದ್ದಳು. ಅವಳು ಹೇಳಿದ್ದನ್ನೇ ಬರೆಯುತ್ತೇನೆ.

"ಪಂಪಣ್ಣ ಬಿಡುಗಡಿಯಾಗಿ ಈ ಮನಿಗೇ ಬರ್ತಾನಂತ ವಿಳಾಸ ಕೊಟ್ಟಾರ. ಇರಾಕ ಜಾಗ ಐತೇನವ್ವಾ?" ಎಂದು ಅವನು ಕೇಳಿದನಂತೆ.

ಚಿಗವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳಂತೆ. ಆಮೇಲೆ ಎದ್ದು ಹಿಂದಿನ ಕೋಣೆಯ ಬಾಗಿಲು ತೆರೆದು ತೋರಿಸಿದಳಂತೆ. "ಐತ್ರಿ. ಇದೇ ಇರಬೇಕು."

"ನೀವು ಸತ್ತವನ ಹೆಂಡ್ತಿ ಅಲ್ಲೇನು? ನಿಮ್ಮದೇನರ ತಕರಾರು?"

"ಇಲ್ಲ. ತಕರಾರಿಲ್ಲಂತ ಬರಕೋರಿ."

ನಾನು ಮನೆಗೆ ಬಂದಾಗ ಅವಳು ಆ ಕೋಣೆಯಲ್ಲೇ ಇದ್ದಳು. ಬರಿ ಪರಸಿಯ ಮೇಲೆ ಕೂತಿದ್ದಳು. ಜಮಖಾನ ಸುರುಳಿ ಸುತ್ತಿ ಗೋಡೆಗೆ ಆನಿಸಿತ್ತು. ನಾನು ಬಾಗಿಲಲ್ಲಿ ನಿಂತೆ.

"ಅಂಗಡ್ಯಾಗ ಕರೀಮಾಬಿ ಕೇಳಿದಾಗರ ಹೇಳಬೇಕಿತ್ತು," ಎಂದಳು. "ಅವರ ಮುಂದ ಹೇಳೋದು ಬ್ಯಾಡಾಗಿದ್ರ ಬಸ್ಸಿನಾಗ ಹೇಳಬೇಕಿತ್ತು. ದಾರಿ ಎಷ್ಟು ದೂರ ಇತ್ತು."

"ಚಿಗವ್ವಾ, ನೀ ಏನಂತೀಯೋ ಅಂತ ಅಂಜಿದೆ."

"ನಾ ಏನಂದೆ ಈಗ? ಏನರ ಅಂದ್ನೇನು?"

ಇಷ್ಟೇ ಮಾತು. ಆಮೇಲೆ ಎದ್ದು ಹೋಗಿ ಒಲೆ ಹಚ್ಚಿದಳು. ಅವತ್ತಿನಿಂದ ರೊಟ್ಟಿ ಕಟ್ಟುತ್ತಾಳೆ, ನೀರು ತುಂಬಿಸುತ್ತಾಳೆ. ಗುಂಡಿ ನೋಡುವುದಿಲ್ಲ. ಹಟ್ಟಿಯ ಹುಡುಗನ ಮಾತು ತೆಗೆಯುವುದಿಲ್ಲ.

ತಕರಾರಿಲ್ಲ ಎಂದು ಬರೆದುಕೊಂಡು ಹೋಗಿದ್ದಾರೆ. ನಿನ್ನ ಬಿಡುಗಡೆಗೆ ಇನ್ನು ಅಡ್ಡಿಯಿಲ್ಲ. ಸಂತೋಷಪಡಬೇಕು ಅಲ್ಲವೇ?

ಮಹೇಶ್ವರಿ


ಮಸ್ಕಿ
೧೬ ಜೂನ್ ೨೦೨೪

ಭಾವಗ ಪಕೀರವ್ವ ಬರಸೋದು. ಬರಿಯಾಕಿ ಸಲ್ಮಾ, ಬಾಜೂ ಮನಿಯಾಕಿ. ನಾ ಹೇಳಿದಂಗ ಬರಿ ಅಂದೀನಿ. ತಿದ್ದಬ್ಯಾಡ ಅಂದೀನಿ.

ಮದ್ಲ ನಿಮಗ ನೀವು ಅಂತಿದ್ದೆ. ನಿಮ್ಮ ಮುಂದ ಸೆರಗು ಇಳಸ್ತಿರಲಿಲ್ಲ. ಈಗ ಅದು ಬಾಯಾಗ ಬರವಲ್ದು. ನೀ ಅಂತೀನಿ. ಸಿಟ್ಟಾದ್ರ ಆಗು.

ಪೊಲೀಸ್ನವ ಬಂದಿದ್ದ. ತಕರಾರಿಲ್ಲ ಅಂದೀನಿ. ನಿನ್ನ ಮ್ಯಾಲಿನ ಕನಿಕರಕ್ಕ ಅಂದಿಲ್ಲ. ನಿನ್ನ ಮರೆತಿಲ್ಲ ನಾ. ದಿನಾ ಹೊತ್ತು ಮುಳುಗೋ ಟೈಮಿಗೆ ಅವ ಹೊಲದಿಂದ ಬರ್ತಿದ್ನಲ್ಲ, ಆ ಟೈಮಿಗೆ ಈಗೂ ನನ್ನ ಕಿವಿ ಬಾಗಿಲ ಕಡೀಗೇ ಇರ್ತಾವ. ಹುಡುಗಿ ಸಲುವಾಗಿ ಅಂದೆ. ಅಪ್ಪ ಬೇಕಂತ ಮಣ್ಣು ಕಲ್ಲು ಹೊತ್ತು ಖೋಲಿ ಕಟ್ಯಾಳ. ಬ್ಯಾಡ ಅನ್ನಾಕ ನಾ ಯಾರು? ಹೆತ್ತಾಕಿ ಅಲ್ಲ.

ಜಮಖಾನ ನಾನೇ ಆರಿಸಿದ್ದು. ಆಕಿ ಗಂಡ ಬಂದು ಕುಂದರತಾನಂತ ಕೆಂಪು ತಗೊಂಡೆ. ನಿನಗಂತ ಗೊತ್ತಿದ್ರ ಕೈಲಿ ಮುಟ್ತಿರಲಿಲ್ಲ. ಮುಟ್ಟಿ ಆತು. ವಾಪಸ್ ಕೊಡೂದು ಬ್ಯಾಡಂತ ಆಕಿಗೆ ಹೇಳೀನಿ. ಬರಿ ಕಲ್ಲಿನ ಮ್ಯಾಲ ಯಾರೂ ಮಲಗಬಾರದು. ನೀ ಆದ್ರೂ.

ನೀ ಬಾ. ನಾ ಪಾಮನಕಲ್ಲೂರಿಗೆ ನಮ್ಮಣ್ಣನ ಮನಿಗಿ ಹೋಗ್ತೀನಿ. ಇದ್ದು ನಿನಗ ಅನ್ನ ನೀಡಾಕ ನನ್ನ ಕೈಲಿ ಆಗಂಗಿಲ್ಲ.

ಒಂದು ಮಾತು ಕೇಳೋದು ಐತಿ. ಕೋರ್ಟಿನಾಗ ಎಲ್ಲಾ ಕೇಳಿದ್ರು, ಇದನ್ನ ಯಾರೂ ಕೇಳಲಿಲ್ಲ. ನೀ ಹೊಡದ ಮ್ಯಾಲ ಅವ ದವಾಖಾನಿ ದಾರಿಯಾಗ ಹ್ವಾದ. ಗಾಡ್ಯಾಗ ಅವನ ತಲಿ ನಿನ್ನ ತೊಡಿ ಮ್ಯಾಲೇ ಇತ್ತಂತ. ಕಡೀಗೆ ಅವ ಏನಂದ? ಏನರ ಅಂದಿರಬೇಕು. ಅದನ್ನ ನನಗ ತಿಳಸು. ಅದೊಂದು ನನಗ ಸೇರಬೇಕಾದದ್ದು, ನಿನ್ನ ಹತ್ರ ಐತಿ.

ಪಕೀರವ್ವ
ಎಡಗೈ ಹೆಬ್ಬಟ್ಟು


ಕಾರಾಗೃಹ
೫ ಜುಲೈ ೨೦೨೪

ಯವ್ವಾ ಮಹೇಶ್ವರಿ,

ಪಕೀರವ್ವ ಕಾಗದ ಬರೆಸಿದ್ದಳು. ನಿನಗೆ ಗೊತ್ತಿರಲಿಕ್ಕಿಲ್ಲ. ಅದು ಬಂದ ಮೇಲೆ ಮಗ್ಗಕ್ಕೆ ಕೂತರೂ ಕೈ ಓಡಲಿಲ್ಲ.

ನಿನ್ನೆ ಸಾಹೇಬರು ಕರೆಸಿದ್ದರು. ಎಲ್ಲ ಕಾಗದಪತ್ರ ಸರಿಯಿದೆ, ಮನೆಯವರ ಒಪ್ಪಿಗೆಯೂ ಬಂದಿದೆ ಎಂದರು. ನಾನು, ಹೋಗಲು ನನಗೆ ಮನೆ ಇಲ್ಲ, ನನ್ನ ಹೆಸರು ತೆಗೆದುಹಾಕಿರಿ ಎಂದೆ. ಅವರು ನಂಬಲಿಲ್ಲ. "ಹುಚ್ಚು ಹಿಡದೈತೇನು ಪಂಪಣ್ಣಾ? ಮಂದಿ ಇದಕ್ಕಂತ ದೇವರಿಗೆ ಹರಕಿ ಹೊರ್ತಾರ," ಎಂದರು. ಎರಡು ದಿನ ವಿಚಾರ ಮಾಡು ಎಂದು ಕಳಿಸಿದರು. ನಾನು ಕಾಯದೆ ಇವತ್ತೇ ಮತ್ತೆ ಹೋಗಿ ಅದನ್ನೇ ಹೇಳಿ ಬಂದೆ. ಬರೆದುಕೊಂಡರು. ಮುಗಿಯಿತು.

ನನ್ನ ಮೇಲೆ ಸಿಟ್ಟಾಗಬೇಡ. ನೀನು ಕಟ್ಟಿದ ಕೋಣೆಯನ್ನು ನಾನು ಇಲ್ಲಿಂದಲೇ ದಿನಾ ನೋಡುತ್ತಿದ್ದೆ. ಕಿಟಕಿ, ಗುಡ್ಡ, ಎಲ್ಲ. ಆದರೆ ಅವಳನ್ನು ಒಮ್ಮೆ ಬರಿಗೈ ಮಾಡಿದ್ದೇನೆ. ಎರಡನೇ ಸಲ ಮಾಡಲಾರೆ. ಅವಳನ್ನು ಪಾಮನಕಲ್ಲೂರಿಗೆ ಹೋಗಗೊಡಬೇಡ. ಅವಳಿಗೆ ಈಗಲೇ ಹೋಗಿ ಹೇಳು, ಪಂಪಣ್ಣ ಬರುವುದಿಲ್ಲ ಎಂದು. ಜಮಖಾನ ಅವಳೇ ಆರಿಸಿದ್ದು, ಅವಳೇ ಹಾಸಿಕೊಳ್ಳಲಿ.

ಇನ್ನೊಂದು. ಅವಳು ಒಂದು ಮಾತು ಕೇಳಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ, ನೀನೇ ಹೇಳಬೇಕು. ಯಾರೂ ಇಲ್ಲದಾಗ ಹೇಳು. ಗಾಡಿಯಲ್ಲಿ ಲಕ್ಷ್ಮಣನಿಗೆ ಪ್ರಜ್ಞೆ ಇತ್ತು. ತಾನು ಸಾಯುತ್ತೇನೆ ಎಂದು ಅವನಿಗೆ ಅನಿಸಿರಲಿಲ್ಲ. "ಪಕೀರಿಗೆ ಹೇಳಬ್ಯಾಡ ಅಣ್ಣಾ, ಅಂಜತಾಳ," ಎಂದ. ಅಷ್ಟೇ. ಆಮೇಲೆ ಮಾತಿಲ್ಲ.

ಹೇಳಬೇಡ ಎಂದಿದ್ದಕ್ಕೇ ಇಷ್ಟು ವರ್ಷ ಹೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಿ ಬರಲಿಲ್ಲ.

ಅಪ್ಪ


ಲಿಂಗಸುಗೂರು
೬ ಜುಲೈ ೨೦೨೪

ಅಪ್ಪಾ,

ಚಿಗವ್ವ ಹೋದಳು.

ನಿನ್ನೆ ನನ್ನ ವಾರದ ರಜೆ. ಇಬ್ಬರೂ ಸೇರಿ ಮನೆ ಸಾರಿಸಿದೆವು. ಅವಳೇ ಹಿಂದಿನ ಕೋಣೆಯ ಪರಸಿಯನ್ನು ಮೂರು ನೀರು ಹಾಕಿ ತೊಳೆದಳು. ಒಣಗಿದ ಮೇಲೆ ಜಮಖಾನ ಬಿಚ್ಚಿ ಹಾಸಿದಳು. ಒಂದು ಮೂಲೆ ಮಡಚಿಕೊಳ್ಳುತ್ತಿತ್ತು. ಅದರ ಮೇಲೆ ರುಬ್ಬುವ ಗುಂಡು ಇಟ್ಟಳು. ಆಮೇಲೆ ತನ್ನ ಚೀಲ ತಂದಳು. ಚೀಲ ಯಾವಾಗ ತುಂಬಿದ್ದಳೋ ನನಗೆ ಗೊತ್ತಿಲ್ಲ. ಎರಡು ಸೀರೆ, ಮೊಣಕಾಲಿನ ಎಣ್ಣೆ, ಲಕ್ಷ್ಮಣ ಸಣ್ಣಪ್ಪನ ಫೋಟೊ.

ಬಸ್ ಸ್ಟ್ಯಾಂಡಿನ ತನಕ ಹಿಂದೆ ಹಿಂದೆ ಹೋದೆ. ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಗಟ್ಟಿಯಾಗಿ ಹಿಡಿಯಲೂ ಇಲ್ಲ. ಪಾಮನಕಲ್ಲೂರು ಬಸ್ಸಿನ ಕಂಡಕ್ಟರ್ ನನಗೆ ಗುರುತಿನವನು. "ಎಲ್ಲಿಗಿ ಬೇ ದೊಡ್ಡಮ್ಮಾ, ಊರಿಗೇನು?" ಎಂದ. "ಹೂನಪ್ಪಾ, ಊರಿಗೆ," ಎಂದು ಹತ್ತಿ ಕೂತಳು. ಕಿಟಕಿಯ ಕಡೆ ಕೂರಲಿಲ್ಲ.

ನಿನ್ನನ್ನು ಕರೆತರಲು ರಜೆ ಬರೆದು ಕೊಟ್ಟಿದ್ದೇನೆ. ಆಗಸ್ಟಿನ ಒಂದು ವಾರ ಪೂರ್ತಿ. ಬಾ ಅಪ್ಪಾ. ನೀನಾದರೂ ಬಾ. ಇಬ್ಬರಲ್ಲಿ ಒಬ್ಬರಾದರೂ ಉಳಿಯಲಿ ನನಗೆ. ಮನೆ ಬಹಳ ದೊಡ್ಡದು ಅನಿಸುತ್ತಿದೆ.

ಮಹೇಶ್ವರಿ


ಲಿಂಗಸುಗೂರು
೨೦ ಅಕ್ಟೋಬರ್ ೨೦೨೪

ಅಪ್ಪಾ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಿಂದ ಅಂದುಕೊಂಡಿದ್ದರೆ ಅದು ನಿಜ. ಜುಲೈಯಲ್ಲಿ ನಿನ್ನ ಕಾಗದ ನನ್ನ ಕೈ ಸೇರಿದಾಗ ನನ್ನದು ನಿನ್ನ ಕಡೆ ಹೊರಟಾಗಿತ್ತು. ಓದಿ ಮುಗಿಸಿ ಅವತ್ತೇ ಜೈಲಿಗೆ ಬಂದೆ, ನಿನಗೂ ನೆನಪಿದೆ. ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ. "ಅವರೇ ಬ್ಯಾಡಂದಾರವ್ವಾ, ಮ್ಯಾಲಕ್ಕ ಹೋಗಿಬಿಟ್ಟೈತಿ. ಇನ್ನ ಯಾವಾಗಂತ ಹೇಳಾಕ ಬರಂಗಿಲ್ಲ," ಎಂದರು. ಜಾಲರಿಯ ಆಚೆ ನೀನು ತಲೆ ತಗ್ಗಿಸಿ ನಿಂತಿದ್ದೆ. ನಾನು ತಿರುಗಿ ಬಂದೆ. ಆಗಸ್ಟ್ ಹದಿನೈದಕ್ಕೆ ಬೇರೆಯವರ ಮಕ್ಕಳು ಹೂವಿನ ಹಾರ ಹಿಡಿದು ಜೈಲಿನ ಬಾಗಿಲಲ್ಲಿ ನಿಂತಿದ್ದನ್ನು ಮೊಬೈಲಿನಲ್ಲಿ ನೋಡಿದೆ. ನಾನು ಅವತ್ತು ರಜೆ ವಾಪಸು ಕೊಟ್ಟು ಡ್ಯೂಟಿ ಮಾಡಿದೆ.

ಪಾಮನಕಲ್ಲೂರಿಗೆ ಮೂರು ಸಲ ಹೋದೆ. ಮೊದಲ ಸಲ ಚಿಗವ್ವ ಹೊಲದಲ್ಲಿದ್ದಾಳೆ ಎಂದು ಅವಳ ಅಣ್ಣ ರಾಮಣ್ಣ ಬಾಗಿಲಲ್ಲೇ ಹೇಳಿ ಕಳಿಸಿದ. ಎರಡನೇ ಸಲವೂ ಅದೇ. ಮೊನ್ನೆ ದಸರಾ ಮುಗಿದ ಮೇಲೆ ಹೋದಾಗ ಅಂಗಳದಲ್ಲೇ ಸಿಕ್ಕಳು. ತೊಗರಿಯಲ್ಲಿ ಕಳೆ ತೆಗೆದು ಬಂದು ಕೈಕಾಲು ತೊಳೆಯುತ್ತಿದ್ದಳು. ಬಹಳ ಕರ್ರಗಾಗಿದ್ದಾಳೆ. ಒಳಗೆ ಕರೆದಳು, ಪುಂಡಿ ಪಲ್ಯ ರೊಟ್ಟಿ ಹಾಕಿದಳು. ಮನೆಯವರು ಹೊರಗೆ ಹೋದ ಮೇಲೆ ನೀನು ತಿಳಿಸಿದ ಮಾತನ್ನು ಹೇಳಿದೆ. ಸಣ್ಣಪ್ಪ ಅಂದದ್ದನ್ನು ಅಂದ ಹಾಗೇ ಹೇಳಿದೆ.

ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಲು ಎತ್ತಿದ್ದಳು. ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು. ಅಳಲಿಲ್ಲ. ಆಮೇಲೆ, "ಪಕೀರಿ ಅಂದ್ನ?" ಎಂದು ಕೇಳಿದಳು.

"ಹೂಂ."

"ಮಂದಿ ಮುಂದ ಯಾವತ್ತೂ ಹಂಗ ಕರೀತಿರಲಿಲ್ಲ," ಎಂದಳು.

ಆಮೇಲೆ ನಾನು ಕೇಳಿದೆ. ಅಪ್ಪ ಬರುವುದಿಲ್ಲ, ಇನ್ನು ಯಾವತ್ತೂ ಬರುವುದಿಲ್ಲ, ನಿನ್ನ ಸಲುವಾಗಿಯೇ ಬೇಡ ಅಂದ. ಮನಿಗಿ ಬಾ ಚಿಗವ್ವಾ ಎಂದು ಕೇಳಿದೆ. ಕಾಲು ಹಿಡಿದೇ ಕೇಳಿದೆ.

ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು. ಆ ಕೈ ನನಗೆ ಗೊತ್ತು ಅಪ್ಪಾ. ಜ್ವರ ಬಂದಾಗಲೆಲ್ಲ ನನ್ನ ಹಣೆಯ ಮೇಲೆ ಇರುತ್ತಿದ್ದ ಕೈ. ಬರುತ್ತಾಳೆ ಅಂದುಕೊಂಡೆ.

"ಅವ ಬರಂಗಿಲ್ಲಂತ ನಾ ಬರಬೇಕೇನು ತಂಗೀ?" ಎಂದಳು. "ನಾ ಸಿಟ್ಟು ಮಾಡಿ ಹೇಳವಲ್ಲೆ. ನೀ ಆ ಖೋಲಿ ಕಟ್ಟುವಾಗ ದಿನಾ ನಾನೇ ಗೋಡಿಗಿ ನೀರು ಹೊಡಿತಿದ್ದೆ. ಒಂದಿನರ ನಿನ್ನ ಬಾಯಾಗ ಬರಲಿಲ್ಲ. ಅಷ್ಟು ದಿನ ನಿನಗ ನಾ ಬ್ಯಾರೆದಾಕಿ ಆಗಿದ್ದೆ. ನನಗ ತಿಳಿದೇ ಇರಲಿಲ್ಲ."

"ಹಂಗಲ್ಲ ಚಿಗವ್ವಾ."

"ಹಂಗೇ ಐತಿ. ಊಟ ಮಾಡು. ಕಡೀ ಬಸ್ಸು ಬರ್ತದ."

ಊಟ ಮಾಡಿದೆ. ಬಸ್ಸಿನ ತನಕ ಅವಳೂ ಬಂದಳು. ಹಟ್ಟಿಯ ಆ ಹುಡುಗನ ಮದುವೆ ಬೇರೆ ಕಡೆ ಆಯಿತಂತೆ, ಅದನ್ನು ಹೇಳಿದಳು. ಮತ್ತೆ ಬರಬೇಡ ಎಂದು ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ.

ಮುಂದಿನ ತಿಂಗಳು ನಿನ್ನನ್ನು ಕಾಣಲು ಬರುತ್ತೇನೆ. ಅವಳು ಹೇಗಿದ್ದಾಳೆ ಎಂದು ನೀನು ಕೇಳಬೇಡ. ನನಗೆ ಹೇಳಲಾಗುವುದಿಲ್ಲ. ಕೋಣೆಯ ವಿಷಯವನ್ನೂ ಕೇಳಬೇಡ.

ಅವತ್ತು ಬಸ್ಸಿನಲ್ಲಿ ಕಂಡಕ್ಟರ್ ಹೊಸ ಹುಡುಗಿ. ನನ್ನದೇ ಡಿಪೋದವಳು, ಈಚೆಗೆ ಸೇರಿದ್ದಾಳೆ. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಿ ನನ್ನ ಹತ್ತಿರ ಬಂದು ನಕ್ಕಳು.

"ರಜಾ ಏನ್ರಿ ಅಕ್ಕಾ ಇವತ್ತು? ಮನಿಗೇನು?"

ನಾನು ಕಿಟಕಿಯ ಗಾಜು ಸರಿಸಿದೆ. ಅವಳು ಕೇಳಿಸಲಿಲ್ಲವೇನೋ ಎಂದು ಬಗ್ಗಿ, ಮನಿಗೇನು ಎಂದು ಇನ್ನೊಮ್ಮೆ ಕೇಳಿದಳು.

ಮಸ್ಕಿಗೆ, ಎಂದೆ.

ಮಹೇಶ್ವರಿ